ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳ ತೂಕ ಮೂರು ಕೆ.ಜಿ. ಜಾಸ್ತಿ: ಬೆಳವಣಿಗೆಯೋ, ಬೊಜ್ಜೋ, ತಕ್ಕಡಿ ತಪ್ಪೋ?

ಸೀಟಿ ಮೇಷ್ಟ್ರು (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಅನುದಾನಿತ ಶಾಲೆ, 3ರಿಂದ 7ನೇ ತರಗತಿ, ದೈಹಿಕ ಶಿಕ್ಷಣ ನನ್ನ ಪಾಲಿಗೆ. ಮಾರ್ಚ್ ಕೊನೆಯ ವಾರ ಎಲ್ಲ ಮಕ್ಕಳ ಎತ್ತರ, ತೂಕ ಬರೆದಿಟ್ಟಿದ್ದೆವು. ಜೂನ್ ಮೊದಲ ವಾರ ಮತ್ತೆ ನೋಡಿದರೆ ಅರ್ಧಕ್ಕರ್ಧ ಮಕ್ಕಳ ತೂಕ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಏರಿದೆ. ಉದಾಹರಣೆಗೆ 9 ತುಂಬಿದ ಒಬ್ಬ ಹುಡುಗ: ಮಾರ್ಚ್‌ನಲ್ಲಿ 131 ಸೆಂ.ಮೀ., 33 ಕೆ.ಜಿ. ಜೂನ್‌ನಲ್ಲಿ 132 ಸೆಂ.ಮೀ., 36 ಕೆ.ಜಿ. ಬಿ.ಎಂ.ಐ. (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) 19.2ರಿಂದ 20.7ಕ್ಕೆ ಹೋಗಿದೆ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಬೊಜ್ಜು' ಅಂತ ಬರೆಯಬೇಕಾಗಿ ಬಂದಿದೆ.

ಎರಡು ಸಲವೂ ಒಂದೇ ಡಿಜಿಟಲ್ ತಕ್ಕಡಿ, ಯೂನಿಫಾರ್ಮ್ ಇತ್ತು, ಬೂಟು ಬಿಚ್ಚಿಸಿದ್ದೆವು. ಮಾರ್ಚ್‌ನಲ್ಲಿ ಬೆಳಿಗ್ಗೆ ಪ್ರಾರ್ಥನೆ ಆದಮೇಲೆ, ಜೂನ್‌ನಲ್ಲಿ ಮಧ್ಯಾಹ್ನ ಊಟದ ನಂತರದ ಪೀರಿಯಡ್‌ನಲ್ಲಿ.

ಪೋಷಕರು ಹೇಳುವುದು ಒಂದೇ ಮಾತು: 'ಅಜ್ಜಿ ಮನೇಲಿ ಚೆನ್ನಾಗಿ ತಿಂದವ್ನೆ ಸಾರ್, ಇಸ್ಕೂಲು ಶುರುವಾದ್ರೆ ತಾನೇ ಇಳಿಯುತ್ತೆ.' ನಿಜವಾಗಿಯೂ ಇಳಿಯುತ್ತದೆಯೇ? ದಸರಾ ರಜೆ ಬರುವುದರೊಳಗೆ ಏನಾದರೂ ಮಾಡಬಹುದೇ?

ತೂಕದಕಲ್ಲು (ಮೈಸೂರು)

ಮೇಷ್ಟ್ರೇ, ಮೊದಲು ತಕ್ಕಡಿ ವಿಚಾರ ಮುಗಿಸೋಣ. ನಿಮ್ಮ ಮೂರು ಕೆ.ಜಿ.ಯಲ್ಲಿ ಅರ್ಧ ಕೆ.ಜಿ. ಸುಳ್ಳು ಇದೆ, ಅದು ಊಟದ ನಂತರ ತೂಗಿದ್ದರಿಂದ. ತಟ್ಟೆ ಅನ್ನ-ಸಾರು, ಒಂದು ಲೋಟ ಮಜ್ಜಿಗೆ, ಬಾಟಲಿ ನೀರು: ಹೊಟ್ಟೆಯಲ್ಲಿರುವ ಇಷ್ಟೂ ತಕ್ಕಡಿಗೆ ಮಗುವಿನ ತೂಕವೇ. ಮಾರ್ಚ್‌ನಲ್ಲಿ ಬೆಳಿಗ್ಗೆ, ಜೂನ್‌ನಲ್ಲಿ ಮಧ್ಯಾಹ್ನ ಅಂದರೆ ಎಲ್ಲ ಮಕ್ಕಳ ತೂಕವೂ ಒಟ್ಟಿಗೆ ಮೇಲೆ ಜಿಗಿದ ಹಾಗೆ ಕಾಣುತ್ತದೆ.

ಎತ್ತರದ್ದೂ ಇದೇ ಕಥೆ, ಆದರೆ ಉಲ್ಟಾ. ಬೆಳಿಗ್ಗೆ ಎದ್ದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಹಿಗ್ಗಿರುತ್ತವೆ, ಹೊತ್ತೇರಿದಂತೆ ಒತ್ತಿಕೊಳ್ಳುತ್ತವೆ. ಮಧ್ಯಾಹ್ನದ ಅಳತೆ ಬೆಳಗಿನದಕ್ಕಿಂತ ಅರ್ಧ ಸೆಂ.ಮೀ. ಆಸುಪಾಸು ಕಡಿಮೆ ಬರುತ್ತದೆ. ತೂಕ ಮೇಲಕ್ಕೆ, ಎತ್ತರ ಕೆಳಕ್ಕೆ, ಎರಡೂ ಸೇರಿ ಬಿ.ಎಂ.ಐ.ಯನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ನಿಮ್ಮ ಹುಡುಗನ ಲೆಕ್ಕವನ್ನೇ ತಿದ್ದಿ ನೋಡಿ: 35.5 ಕೆ.ಜಿ., 132.5 ಸೆಂ.ಮೀ. ಹಿಡಿದರೆ ಬಿ.ಎಂ.ಐ. 20.2. 20.5ರ ಬೊಜ್ಜಿನ ಗೆರೆಯ ಈಚೆಗೇ ಬಂದ! ಹೆಸರಿನ ಮುಂದೆ ಬರೆದದ್ದನ್ನು ಸದ್ಯಕ್ಕೆ ಅಳಿಸಿಬಿಡಿ.

ಮರು ಅಳತೆ ಹೀಗೆ ಮಾಡಿ. ತಕ್ಕಡಿಯನ್ನು ಟೈಲ್ಸ್ ಅಥವಾ ಗಟ್ಟಿ ಸಿಮೆಂಟ್ ನೆಲದ ಮೇಲಿಡಿ. ಜಮಖಾನ, ಚಾಪೆ, ಅಲ್ಲಾಡುವ ಹಲಗೆ ಬೇಡ. ಶುರು ಮಾಡುವ ಮುಂಚೆ ಗೊತ್ತಿರುವ ತೂಕ ಇಟ್ಟು ನೋಡಿ. ಪಡಿತರ ಅಂಗಡಿಯಲ್ಲೋ ದಿನಸಿ ಅಂಗಡಿಯಲ್ಲೋ ಇಲಾಖೆಯ ಮುದ್ರೆ ಬಿದ್ದ 20 ಕೆ.ಜಿ., 10 ಕೆ.ಜಿ. ಕಬ್ಬಿಣದ ಕಲ್ಲು ಇದ್ದರೆ ಅರ್ಧ ಗಂಟೆಗೆ ಕೇಳಿ ತನ್ನಿ. ಮೊದಲು 20, ಆಮೇಲೆ 30 ಇಟ್ಟು, 100 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಸೆಲ್ ಬದಲಿಸಿ. ಆಗಲೂ ಸರಿಹೋಗದಿದ್ದರೆ ಆ ತಕ್ಕಡಿ ಬಿಡಿ. ಅಕ್ಕಿ ಮೂಟೆಯ ಮೇಲೆ 25 ಕೆ.ಜಿ. ಅಂತ ಅಚ್ಚಾಗಿದೆ ಅಂತ ಅದನ್ನು ಇಡಬೇಡಿ, ಅದು ನಂಬಿಕೆಯ ತೂಕ.

ಬೂಟು ಬಿಚ್ಚಿಸಿದ್ದು ಸರಿ. ಬೆಲ್ಟು, ಟೈ, ಜೇಬಿನ ಕಂಪಾಸ್ ಬಾಕ್ಸು, ಗೋಲಿ ಇವೂ ಹೊರಗೆ ಬರಲಿ. ಡಿಸೆಂಬರಿನಲ್ಲಿ ತೂಗುವ ಶಾಲೆಗಳಲ್ಲಿ ಸ್ವೆಟರ್ ಬಿಚ್ಚಿಸುವುದು ಮರೆತು 'ಚಳಿಗಾಲದಲ್ಲಿ ಮಕ್ಕಳು ದಪ್ಪ ಆಗ್ತಾರೆ' ಅನ್ನುವ ಸಂಶೋಧನೆ ಹುಟ್ಟುತ್ತದೆ. ಮೂತ್ರ ಮಾಡಿ ಬಂದ ಮೇಲೆ ತೂಗಿ. ಪ್ರತಿ ಮಗುವನ್ನೂ ಎರಡು ಸಲ ಹತ್ತಿಸಿ, 100 ಗ್ರಾಂ ಒಳಗಿನ ವ್ಯತ್ಯಾಸವಾದರೆ ಸರಾಸರಿ ಬರೆಯಿರಿ.

ಎತ್ತರಕ್ಕೆ ಗೋಡೆಗೆ ಅಂಟಿಸಿದ ಪಟ್ಟಿ ಸಾಕು, ಆದರೆ ಗೋಡೆಯ ಬುಡದಲ್ಲಿ ಟೈಲ್ಸ್ ಪಟ್ಟಿ ಮುಂದೆ ಚಾಚಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ, ಮಗು ಓರೆಯಾಗಿ ನಿಲ್ಲುತ್ತದೆ. ಅಂಥ ಪಟ್ಟಿ ಇಲ್ಲದ ಕಂಬ ಹುಡುಕಿ. ಹಿಮ್ಮಡಿ, ಪೃಷ್ಠ, ಭುಜದ ಹಿಂಭಾಗ ತಾಗಿರಬೇಕು. ಕಣ್ಣಿನ ಕೆಳ ಅಂಚು, ಕಿವಿಯ ತೂತಿನ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ತಲೆಯ ಮೇಲೆ ಪುಸ್ತಕ ಇಟ್ಟರೆ ವಾಲುತ್ತದೆ, ಬಡಗಿಯ ಮೂಲೆಮಟ್ಟ ಇಡಿ. ಹೆಣ್ಣುಮಕ್ಕಳ ಜಡೆ ನೆತ್ತಿಯ ಮೇಲೆ ಬರದಂತೆ ನೋಡಿಕೊಳ್ಳಿ. 130 ಸೆಂ.ಮೀ. ಆಸುಪಾಸಿನ ಮಗುವಿನಲ್ಲಿ 1 ಸೆಂ.ಮೀ. ತಪ್ಪಿದರೆ ಬಿ.ಎಂ.ಐ. 0.3 ಕದಲುತ್ತದೆ.

ಇನ್ನೊಂದು: ತೂಕವನ್ನು ಗಟ್ಟಿಯಾಗಿ ಕೂಗಬೇಡಿ. ತೂಗುವವರು ಬರೆಯುವವರಿಗೆ ತೋರಿಸಲಿ, ಸಾಲು ಬಾಗಿಲ ಹೊರಗೇ ನಿಲ್ಲಲಿ. 'ನಲವತ್ತೆರಡೂ...' ಅಂತ ಒಂದು ಸಲ ಕೂಗಿದರೆ ಆ ಮಗುವಿಗೆ ವರ್ಷವಿಡೀ ಅದೇ ಹೆಸರು.

ಮಕ್ಕಳ ಡಾಕ್ಟ್ರು (ಮೈಸೂರು)

ಮೇಲಿನವರು ತಿದ್ದಿದ ಲೆಕ್ಕ ಸರಿ. ಆದರೂ 19.2ರಿಂದ 20.2 ಅಂದರೆ ಎರಡು ತಿಂಗಳಿಗೆ ತುಂಬಾ ದೊಡ್ಡ ಏರಿಕೆ. ಆರು ವರ್ಷದಿಂದ ಪ್ರೌಢಾವಸ್ಥೆ ಶುರುವಾಗುವವರೆಗೆ ಮಗು ವರ್ಷಕ್ಕೆ ಸಾಮಾನ್ಯವಾಗಿ 5ರಿಂದ 6 ಸೆಂ.ಮೀ. ಎತ್ತರ, 2ರಿಂದ 3 ಕೆ.ಜಿ. ತೂಕ ಬೆಳೆಯುತ್ತದೆ. ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರಕ್ಕೆ ಎಪ್ಪತ್ತು ದಿನ ಹಿಡಿದರೆ ಅರ್ಧ ಕೆ.ಜಿ. ನ್ಯಾಯವಾದ ಬೆಳವಣಿಗೆ. ಊಟದ ತೂಕ ಅರ್ಧ ಕಳೆಯಿರಿ. ಉಳಿದ ಎರಡು ಕೆ.ಜಿ. ರಜೆಯ ಸಂಪಾದನೆ.

'ಇಸ್ಕೂಲು ಶುರುವಾದ್ರೆ ಇಳಿಯುತ್ತೆ' ಅನ್ನುವುದು ಅರ್ಧ ಸತ್ಯ. ಶಾಲೆ ನಡೆಯುವಾಗ ಏರಿಕೆ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ, ಸ್ವಲ್ಪ ಇಳಿಯಲೂಬಹುದು. ಆದರೆ ಏರಿದ್ದೆಲ್ಲ ಇಳಿಯುವುದಿಲ್ಲ. ಮುಂದಿನ ಬೇಸಿಗೆ ಅಲ್ಲಿಂದಲೇ ಶುರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ: ಸ್ವಲ್ಪ ಹತ್ತುವುದು, ನಂದಿ ಹತ್ತಿರ ನಿಂತು ಉಸಿರು ಬಿಡುವುದು, ಮತ್ತೆ ಹತ್ತುವುದು.

ಇದನ್ನು ಅಮೆರಿಕದಲ್ಲಿ ಚೆನ್ನಾಗಿ ಅಳೆದಿದ್ದಾರೆ. 2010ರಲ್ಲಿ ಕಿಂಡರ್‌ಗಾರ್ಟನ್ ಸೇರಿದ 18,000ಕ್ಕೂ ಹೆಚ್ಚು ಮಕ್ಕಳನ್ನು 2013ರವರೆಗೆ, ಎರಡನೇ ತರಗತಿ ಮುಗಿಯುವತನಕ ಹಿಂಬಾಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೊಜ್ಜಿನ ಪ್ರಮಾಣ ಶೇ. 8.9ರಿಂದ 11.5ಕ್ಕೆ ಏರಿತ್ತು. ಆ ಏರಿಕೆ ಅಷ್ಟೂ ಎರಡು ಬೇಸಿಗೆ ರಜೆಗಳಲ್ಲಿ ಆಗಿತ್ತು, ಶಾಲೆ ನಡೆದ ಮೂರು ವರ್ಷಗಳಲ್ಲಿ ಏನೂ ಇಲ್ಲ. ಬೊಜ್ಜಿಗೆ ಶಾಲೆಯ ಕ್ಯಾಂಟೀನನ್ನೇ ಬೈಯುತ್ತಿದ್ದವರಿಗೆ ಇದು ಮುಜುಗರದ ಫಲಿತಾಂಶ.

ಕಾರಣ ಋತುವೇ ಅಂತ ಕೇಳಿದರೆ, ಅಲ್ಲ ಅನ್ನಬೇಕು. ಶೀತ ದೇಶಗಳಲ್ಲಿ ಮಕ್ಕಳ ಎತ್ತರ ವಸಂತ-ಬೇಸಿಗೆಯಲ್ಲಿ ಚುರುಕಾಗಿ ಬೆಳೆಯುತ್ತದೆ, ತೂಕ ಶರತ್ಕಾಲದಲ್ಲಿ ಏರುತ್ತದೆ. ಆ ಲೆಕ್ಕಕ್ಕೆ ಬೇಸಿಗೆಯಲ್ಲಿ ಬಿ.ಎಂ.ಐ. ತಗ್ಗಬೇಕಿತ್ತು, ಏರಿದೆ. ಇನ್ನು ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಬರೀ ಒಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಗುವಿನ ಮೈಗೆ ಋತು ಅಂದರೆ ಶಾಲೆಯ ವೇಳಾಪಟ್ಟಿಯೇ. ಗಂಟೆ ಬಾರಿಸಿದಾಗ ಊಟ, ಗಂಟೆ ಬಾರಿಸಿದಾಗ ಆಟ, ಅಡುಗೆಮನೆ ಡಬ್ಬದಿಂದ ಏಳು ಗಂಟೆ ಕಾಲ ದೂರ, ಬೆಳಿಗ್ಗೆ ಏಳಲೇಬೇಕಾದ್ದರಿಂದ ರಾತ್ರಿ ಮಲಗಲೇಬೇಕು. ರಜೆ ಶುರುವಾಗುವ ಏಪ್ರಿಲ್ 11ಕ್ಕೆ ಈ ನಾಲ್ಕೂ ಒಟ್ಟಿಗೆ ಕಳಚಿ ಬೀಳುತ್ತವೆ.

ಈಗ ಗೆರೆಗಳ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ 9 ವರ್ಷದ ಹುಡುಗನಿಗೆ 17.9 ದಾಟಿದರೆ ಅಧಿಕ ತೂಕ, 20.5 ದಾಟಿದರೆ ಬೊಜ್ಜು. ಅದೇ ವಯಸ್ಸಿನ ಹುಡುಗಿಗೆ 18.3 ಮತ್ತು 21.5. ದೊಡ್ಡವರ 25, 30ರ ಲೆಕ್ಕ ಮಕ್ಕಳಿಗೆ ಹಾಕಲೇಬಾರದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘ (ಐ.ಎ.ಪಿ.) 2015ರಲ್ಲಿ ಹೊರತಂದ ಚಾರ್ಟ್ 5ರಿಂದ 18 ವರ್ಷದವರಿಗೆ. ಅದರಲ್ಲಿ ದೊಡ್ಡವರ 23 ಮತ್ತು 27ಕ್ಕೆ ಸಮನಾದ ಎರಡು ಗೆರೆ ಎಳೆದಿದ್ದಾರೆ, ಏಕೆಂದರೆ ಅದೇ ಬಿ.ಎಂ.ಐ.ಗೆ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು. ಯಾವ ಚಾರ್ಟ್ ಆದರೂ ಸರಿ, ಒಂದನ್ನೇ ಹಿಡಿದುಕೊಳ್ಳಿ. ಮಾರ್ಚ್‌ನಲ್ಲಿ ಒಂದು, ಜೂನ್‌ನಲ್ಲಿ ಇನ್ನೊಂದು ಬಳಸಿದರೆ ಮಗು ಬದಲಾಗದೆಯೇ ಬಣ್ಣ ಬದಲಾಗುತ್ತದೆ.

ನಿಮ್ಮ ಹುಡುಗನಿಗೆ ತೂಕ ಇಳಿಸುವುದು ಬೇಕಾಗಿಯೇ ಇಲ್ಲ, ಹಿಡಿದಿಟ್ಟರೆ ಸಾಕು. ಈಗಿನ 35.5 ಕೆ.ಜಿ.ಯಲ್ಲೇ ಒಂದು ವರ್ಷ ನಿಂತರೆ, ಅಷ್ಟರಲ್ಲಿ 137.5 ಸೆಂ.ಮೀ. ಆಗಿರುತ್ತಾನೆ, ಬಿ.ಎಂ.ಐ. 18.8ಕ್ಕೆ ಬರುತ್ತದೆ. 10 ವರ್ಷಕ್ಕೆ ಅಧಿಕ ತೂಕದ ಗೆರೆ 18.5. ಒಂದು ಗ್ರಾಂ ಇಳಿಸದೆ ಗಡಿಗೆ ಬಂದ ಹಾಗಾಯಿತು. ಪೋಷಕರಿಗೆ ಈ ಲೆಕ್ಕ ತೋರಿಸಿದರೆ 'ಮಗೂನ ಉಪವಾಸ ಕೆಡವ್ತಾರೆ' ಅನ್ನುವ ಭಯ ಹೋಗುತ್ತದೆ.

6, 7ನೇ ತರಗತಿ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಹನ್ನೊಂದು-ಹನ್ನೆರಡಕ್ಕೆ ಅವರು ಸರ್ರನೆ ಬೆಳೆಯುವ ಕಾಲ, ತೂಕವೂ ಜೊತೆಗೇ ಏರುತ್ತದೆ. ಅಲ್ಲಿ ಎತ್ತರ ಎಷ್ಟು ಏರಿದೆ ನೋಡದೆ ತೂಕದ ಬಗ್ಗೆ ಮಾತಾಡಬಾರದು.

ಬಿಸಿಯೂಟ (ಮಳವಳ್ಳಿ)

ಡಾಕ್ಟ್ರ ಮಾತಿಗೆ ಎದುರಾಡುವುದಲ್ಲ, ಆದರೆ ಅಮೆರಿಕದ ಲೆಕ್ಕವನ್ನು ಎಲ್ಲ ಶಾಲೆಗೂ ಅಂಟಿಸಬೇಡಿ ಸಾರ್. ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ರಜೆ ಅಂದರೆ ಒಂದು ಊಟ ಕಡಿಮೆ. ಬಿಸಿಯೂಟದಲ್ಲಿ 1ರಿಂದ 5ರವರಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನು ಅಂತ ಲೆಕ್ಕ. 6ರಿಂದ 8ರವರಿಗೆ 150 ಗ್ರಾಂ ಅಕ್ಕಿ, 700 ಕ್ಯಾಲರಿ, 20 ಗ್ರಾಂ ಪ್ರೋಟೀನು. ಮೇಲೆ ಹಾಲು, ಮೊಟ್ಟೆ. ಇದಿಷ್ಟೂ ರಜೆಯಲ್ಲಿ ನಿಲ್ಲುತ್ತದೆ. 2024ರ ಬರಗಾಲದಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟದ್ದು ಸುಮ್ಮನೆ ಅಲ್ಲ.

2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 23ರಷ್ಟು ಬಡಕಲು, ಶೇ. 4ರಷ್ಟು ಮಾತ್ರ ಅಧಿಕ ತೂಕದವರು. ಮೇಷ್ಟ್ರ ಪಟ್ಟಿಯಲ್ಲೂ ತೂಕ ಏರದೇ ನಿಂತವರು, ಇಳಿದವರು ಇರಲೇಬೇಕು. ಎರಡು ತಿಂಗಳಲ್ಲಿ ಎತ್ತರ ಏರಿ ತೂಕ ಇಳಿದಿರುವ ಬಡಕಲು ಮಗು ಇದ್ದರೆ ಮೊದಲು ಅದನ್ನು ನೋಡಿ. ದಪ್ಪ ಇರುವವರನ್ನೇ ಹುಡುಕಿಕೊಂಡು ಹೋದರೆ ಕಡ್ಡಿ ಮಕ್ಕಳು ಕಣ್ಣಿಗೆ ಬೀಳುವುದಿಲ್ಲ. ಆಮೇಲೆ 'ಬೊಜ್ಜು ಬರುತ್ತೆ, ಕಡಿಮೆ ತಿನ್ನಿ' ಅಂತ ಇಡೀ ತರಗತಿಗೆ ಭಾಷಣ ಮಾಡಿದರೆ ಮೊದಲು ಊಟ ಬಿಡುವವರು ಇವರೇ.

ಮಕ್ಕಳ ಡಾಕ್ಟ್ರು (ಮೈಸೂರು)

ಒಪ್ಪಿದೆ. ಒಂದೇ ಬೀದಿಯ ಎರಡು ಮನೆಯಲ್ಲಿ ರಜೆ ಎರಡು ಕೆಲಸ ಮಾಡುತ್ತದೆ. ಅದಕ್ಕೇ ತರಗತಿಯ ಸರಾಸರಿ ನೋಡಬೇಡಿ, ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿದದ್ದು ಸೇರಿ ಸರಾಸರಿ ಕದಲದೆ ನಿಂತಿರುತ್ತದೆ. ಪ್ರತಿ ಮಗುವನ್ನೂ ಅದರ ಹಿಂದಿನ ಅಳತೆಗೇ ಹೋಲಿಸಿ.

ಒಗ್ಗರಣೆ (ಮೈಸೂರು, ಆಹಾರ ತಜ್ಞೆ)

ಆ ಎರಡು ಕೆ.ಜಿ. ಎಲ್ಲಿಂದ ಬಂತು ಅನ್ನುವುದಕ್ಕೆ ಲೆಕ್ಕ ಇದೆ. ಮೈಯ ಒಂದು ಕೆ.ಜಿ. ಕೊಬ್ಬಿಗೆ ಹೆಚ್ಚೂಕಮ್ಮಿ 7,700 ಕ್ಯಾಲರಿ. ಎರಡು ಕೆ.ಜಿ.ಗೆ 15,400. ಏಪ್ರಿಲ್ 11ರಿಂದ ಮೇ 28ರವರೆಗೆ 48 ದಿನ. ದಿನಕ್ಕೆ 320 ಹೆಚ್ಚುವರಿ. ಇದು ಎಷ್ಟು ಅಂತ ಗೊತ್ತಾಗಬೇಕೆಂದರೆ, ಗಾಣದ ಹತ್ತಿರ ಕುಡಿಯುವ ಒಂದು ದೊಡ್ಡ ಲೋಟ, 250 ಮಿಲಿ ಕಬ್ಬಿನ ಹಾಲಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲರಿ. 30 ಗ್ರಾಂನ ಒಂದು ಚಿಪ್ಸ್ ಪ್ಯಾಕೆಟ್ 160. ಮುಗಿಯಿತು, 300. ಯಾರೂ ಬಕಾಸುರನ ಹಾಗೆ ತಿಂದಿಲ್ಲ.

ಆದ್ದರಿಂದ ಊಟ ಕತ್ತರಿಸುವ ಮಾತು ಬೇಡ. ರಜೆಯಲ್ಲಿ ಒಂದು ಮಗು ಏನು ತಿಂತು ಅಂತ ಮೂರು ದಿನ ಬರೆಸಿ ನೋಡಿದರೆ ಊಟ ಮೂರೇ ಇರುತ್ತದೆ, ಬಾಯಾಡಿಸಿದ್ದು ಆರು ಸಲ. ಒಂಬತ್ತೂವರೆಗೆ ಎದ್ದು ಹತ್ತೂವರೆಗೆ ತಿಂಡಿ, ಊಟ ಮೂರಕ್ಕೆ, ಅಲ್ಲಿಂದ ರಾತ್ರಿ ಹತ್ತರ ಊಟದವರೆಗೆ ಟಿ.ವಿ. ಮುಂದೆ ಡಬ್ಬದೊಳಗೆ ಕೈ. ಮೊದಲು ಹೊತ್ತು ಸರಿ ಮಾಡಿ: ತಿಂಡಿ ಎಂಟೂವರೆ, ಊಟ ಒಂದು, ನಾಲ್ಕೂವರೆಗೆ ಒಂದೇ ಒಂದು ಕುರುಕಲು, ರಾತ್ರಿ ಊಟ ಎಂಟರೊಳಗೆ. ಮಧ್ಯೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ. ಇದಿಷ್ಟೇ ಮಾಡಿದ ಮನೆಯಲ್ಲಿ ಕ್ಯಾಲರಿ ಎಣಿಸುವ ಗೋಜು ಬರುವುದು ಅಪರೂಪ.

ಕುಡಿಯುವುದರಲ್ಲೇ ಹೆಚ್ಚು ಮೋಸ. ಹಲ್ಲಿಗೆ ಕೆಲಸ ಇಲ್ಲ, ಹೊಟ್ಟೆಗೆ ತುಂಬಿದ ಲೆಕ್ಕವೂ ಇಲ್ಲ. ಪ್ಯಾಕೆಟ್ ಮಾವಿನ ಪಾನೀಯದ ಹಿಂದೆ 100 ಮಿಲಿಗೆ ಎಷ್ಟು ಗ್ರಾಂ ಸಕ್ಕರೆ ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 12ರ ಮೇಲೆ. ಅದನ್ನು ಎರಡರಿಂದ ಗುಣಿಸಿ ಐದರಿಂದ ಭಾಗಿಸಿದರೆ 200 ಮಿಲಿಯಲ್ಲಿ ಎಷ್ಟು ಟೀ ಚಮಚ ಅಂತ ಮಗುವೇ ಹೇಳುತ್ತದೆ. ನಾಲ್ಕನೇ ತರಗತಿಗೆ ಒಳ್ಳೆ ಲೆಕ್ಕದ ಪಾಠ. ರಸಪುರಿ ಹಣ್ಣು ಹೆಚ್ಚಿ ಹೋಳು ತಿಂದರೆ ತಕರಾರಿಲ್ಲ, ದಿನಕ್ಕೊಂದು ಇರಲಿ. ಅದನ್ನೇ ಹಾಲು-ಸಕ್ಕರೆ ಹಾಕಿ ಸೀಕರಣೆ ಮಾಡಿ ಲೋಟಕ್ಕೆ ಸುರಿದರೆ ಮೂರು ಹಣ್ಣು ಗೊತ್ತಾಗದ ಹಾಗೆ ಇಳಿಯುತ್ತದೆ. ಹಾಲಿಗೆ ಕಲಸುವ 'ಶಕ್ತಿ' ಪುಡಿಗಳಲ್ಲಿ ಮೂರನೇ ಒಂದು ಪಾಲು ಸಕ್ಕರೆಯೇ ಇರುವಂಥವೂ ಇವೆ. ನೀಲಿ ಪ್ಯಾಕೆಟ್ ನಂದಿನಿ ಹಾಲು, ದಿನಕ್ಕೆ 400 ಮಿಲಿ, ಏನೂ ಬೆರೆಸದೆ.

'ಅನ್ನ ಬಿಡಿಸಿ ಮುದ್ದೆ ಕೊಡ್ತೀವಿ, ಸಣ್ಣ ಆಗ್ತಾನೆ' ಅನ್ನುವವರಿಗೆ: 100 ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲರಿ, ಅಕ್ಕಿಗೆ 350ರ ಆಸುಪಾಸು. ಭಾರೀ ವ್ಯತ್ಯಾಸವೇನಲ್ಲ. ರಾಗಿಯ ನಾರು, ಸುಣ್ಣಾಂಶ ಲಾಭವೇ, ಆದರೆ ದೊಡ್ಡವರ ಗಾತ್ರದ ಮುದ್ದೆಯನ್ನು ಒಂಬತ್ತು ವರ್ಷದವನು ಅಗಿಯದೆ ನುಂಗಿ, ಮೇಲೆ ಅನ್ನವನ್ನೂ ಹಾಕಿಸಿಕೊಂಡರೆ ತೂಕ ಏರುವುದೇ. ಮಗುವಿನ ಮುಷ್ಟಿಯಷ್ಟು ಮುದ್ದೆ, ಅದರ ಎರಡರಷ್ಟು ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ. ಉಪ್ಸಾರಿನ ದಿನ ಖಾರ ಮಾತ್ರ ಹಚ್ಚಿಕೊಂಡು ಕಾಳು ತಟ್ಟೆ ಅಂಚಿಗೆ ತಳ್ಳುವುದು ಮಕ್ಕಳ ಹಳೇ ವಿದ್ಯೆ, ಅದನ್ನು ನೋಡಿಕೊಳ್ಳಿ.

ನಾಲ್ಕೂವರೆಯ ಕುರುಕಲಿಗೆ: ಎರಡು ಹಿಡಿ ಕಡ್ಲೆಪುರಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಅರ್ಧ ಚಮಚ ಎಣ್ಣೆ ಹಾಕಿದ ಚುರುಮುರಿ. ಇಲ್ಲವೇ ಅರ್ಧ ಬಟ್ಟಲು ಕಡಲೆಕಾಳು ಉಸ್ಲಿ, ಒಂದು ಸೀಬೆಕಾಯಿ, ಒಂದು ಬೇಯಿಸಿದ ಮೊಟ್ಟೆ. ಕಡಲೆಕಾಯಿ ಬೀಜ ಒಳ್ಳೆಯದೇ, ಮಗುವಿನ ಒಂದು ಹಿಡಿ ದಾಟಬಾರದು.

ದಸರಾ ರಜೆ ಚಿಕ್ಕದು, ಆದರೆ ದಟ್ಟ. ಗೊಂಬೆ ಮನೆಯ ಚರುಪು ದಿನಕ್ಕೆ ನಾಲ್ಕೈದು ಮನೆಯದು, ಆಯುಧಪೂಜೆಯ ಸಿಹಿ, ವಸ್ತುಪ್ರದರ್ಶನದ ದೆಹಲಿ ಹಪ್ಪಳ, ಬಜ್ಜಿ. ದೀಪಾಲಂಕಾರ ನೋಡಿಕೊಂಡು ಮನೆ ಸೇರುವಾಗ ಹನ್ನೊಂದು. ಇದನ್ನೆಲ್ಲ ಬೇಡ ಅನ್ನುವುದು ಅರಸಿಕತನ. ಚರುಪನ್ನು ಒಂದು ಡಬ್ಬಿಗೆ ಹಾಕಿಸಿ, ಅದೇ ದಿನದ ಕುರುಕಲಿನ ಬದಲಿಗೆ ಅದರಿಂದ ಎರಡು ಆರಿಸಿಕೊಳ್ಳಲಿ. ವಸ್ತುಪ್ರದರ್ಶನಕ್ಕೆ ಹಸಿದುಕೊಂಡು ಹೋಗಬೇಡಿ, ಮನೆಯಲ್ಲಿ ಊಟ ಮಾಡಿ ಹೋದರೆ ಒಂದು ಹಪ್ಪಳಕ್ಕೆ ಮೂರು ಜನ ಸಾಕು.

ಲಗೋರಿ (ಮೈಸೂರು, ಪಿ.ಇ.)

ಆಟದ ಬಗ್ಗೆ ನಾಲ್ಕು ಮಾತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಮ್ಮ 40 ನಿಮಿಷದ ಪೀರಿಯಡ್‌ನಲ್ಲಿ ಸಾಲು ನಿಲ್ಲಿಸಿ, ಹಾಜರಿ ಹಿಡಿದು, ತಂಡ ಮಾಡುವುದರಲ್ಲೇ 15 ಹೋಗುತ್ತದೆ. ಆಮೇಲೆ ಕ್ರಿಕೆಟ್ ಹಾಕಿದರೆ ಬೌಲರು, ಬ್ಯಾಟ್ಸ್‌ಮನ್ನು, ಚೆಂಡು ಹೋದ ಕಡೆಯವನು ಬಿಟ್ಟು ಉಳಿದವರು ಸೊಂಟದ ಮೇಲೆ ಕೈ. ಖೋ ಖೋದಲ್ಲಿ ಎಂಟು ಜನ ಕೂತಿರುತ್ತಾರೆ.

ಅದಕ್ಕಿಂತ ಕೆಟ್ಟದ್ದು 'ಔಟ್' ಆಟಗಳು. ದಪ್ಪ ಮಗು ಮೊದಲು ಔಟ್, ಹುಣಸೆಮರದ ಕೆಳಗೆ ಅರ್ಧ ಗಂಟೆ ಕೂತು ನೋಡುವುದು. ಯಾರಿಗೆ ಓಟ ಬೇಕೋ ಅವರಿಗೇ ವಿಶ್ರಾಂತಿ! ನಿಯಮ ತಿರುಗಿಸಿ: ಔಟಾದವರು ಹೊರಗೆ ಕೂರುವುದಿಲ್ಲ, ಧ್ವಜಸ್ತಂಭ ಮುಟ್ಟಿ ಬಂದು ಮತ್ತೆ ಸೇರಿಕೊಳ್ಳುತ್ತಾರೆ. ಲಗೋರಿಗೆ ನಾಲ್ಕು-ನಾಲ್ಕು ಜನರ ತಂಡ, ಮೈದಾನದಲ್ಲಿ ಐದು ಕಡೆ ಕಲ್ಲು ಜೋಡಿಸಿ. ನಲವತ್ತು ಮಕ್ಕಳೂ ಓಡುತ್ತಾರೆ. ಕುಂಟೆಬಿಲ್ಲೆ, ಸ್ಕಿಪ್ಪಿಂಗ್ ಭಾರದ ಮಕ್ಕಳಿಗೆ ಮಂಡಿಗೆ ಏಟು, ಎರಡು ನಿಮಿಷ ಹಾರಿ ಎರಡು ನಿಮಿಷ ನಡೆಯಲಿ. ಗ್ರೌಂಡ್ ಸುತ್ತ ಹತ್ತು ರೌಂಡ್ ಓಡಿಸುವ 'ಶಿಕ್ಷೆ' ಬೇಡವೇ ಬೇಡ, ಓಟವನ್ನು ದ್ವೇಷಿಸಲು ಕಲಿಸುವ ನೇರ ದಾರಿ ಅದು.

ಬೇಸಿಗೆ ರಜೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲು, ಹೊರಗೆ ಬಿಡಿ ಅನ್ನಲಾಗದು. ಬೆಳಿಗ್ಗೆ ಆರೂವರೆಯಿಂದ ಎಂಟು, ಸಂಜೆ ಐದರಿಂದ ಏಳು, ಈ ಎರಡು ಹೊತ್ತು ಉಳಿಸಿಕೊಂಡರೆ ಸಾಕು. ಒಂದಿಷ್ಟು ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ: ಗಿಡಕ್ಕೆ ನೀರು ಹೊರುವುದು, ಅಂಗಳ ಗುಡಿಸುವುದು, ಅಂಗಡಿಗೆ ನಡೆದು ಹೋಗುವುದು. ಮಂಡ್ಯದ ಕಡೆಯವರಿಗೆ ಒಂದು ಎಚ್ಚರಿಕೆ: ಈಜು ಒಳ್ಳೆಯ ವ್ಯಾಯಾಮ ಅಂತ ಹೇಳಿ ಮಕ್ಕಳನ್ನು ನಾಲೆಗೆ ಇಳಿಸಬೇಡಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಸೆಳೆತ ದೊಡ್ಡವರನ್ನೂ ಎಳೆಯುತ್ತದೆ, ಪಾಚಿ ಕಟ್ಟಿದ ಇಳಿಜಾರಿನಲ್ಲಿ ಹತ್ತಿ ಬರಲಾಗುವುದಿಲ್ಲ. ಕಾವಲಿರುವ ಈಜುಕೊಳವಾದರೆ ಮಾತ್ರ.

ಗೇಟಿನ ಮುಂದಿನ ಅಂಗಡಿಯ ಬಗ್ಗೆ ಯಾರೂ ಹೇಳಲಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಕ್ಕಳಿಗೆ ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಟೇಪ್ ಹಿಡಿದು ಅಳೆದು, ಅಂಗಡಿಯವರ ಹತ್ತಿರ ಮೊದಲು ಮಾತಾಡಿ. ಕಡಲೆಕಾಯಿ, ಸೀಬೆಕಾಯಿ, ಸೌತೆಕಾಯಿ ಇಟ್ಟರೂ ಅವರ ವ್ಯಾಪಾರ ನಡೆಯುತ್ತದೆ.

ಸೀಟಿ ಮೇಷ್ಟ್ರು (ಮಂಡ್ಯ)

ಊಟದ ನಂತರ ತೂಗಿದ್ದು ನಮ್ಮ ತಪ್ಪೇ, ಮತ್ತೆ ಅಳೆಯುತ್ತೇವೆ. ಎರಡು ಉಳಿದಿವೆ. ಯಾವ ಮಗುವನ್ನು ಡಾಕ್ಟರ್ ಹತ್ತಿರ ಕಳಿಸಲೇಬೇಕು? ಮತ್ತು ಮನೆಗೆ ಚೀಟಿ ಕಳಿಸುವುದಾದರೆ ಏನಂತ ಬರೆಯುವುದು? ಹೋದ ಸಲ ಪಟ್ಟಿಯನ್ನು ತರಗತಿಯ ವಾಟ್ಸಾಪ್ ಗುಂಪಿಗೇ ಹಾಕಿ ರಂಪ ಆಯಿತು.

ಮಕ್ಕಳ ಡಾಕ್ಟ್ರು (ಮೈಸೂರು)

ಗುಂಪಿಗೆ ಹಾಕುವುದು ಖಂಡಿತ ಬೇಡ. ಚೀಟಿ ಎಲ್ಲ ಮಕ್ಕಳಿಗೂ ಹೋಗಲಿ, ಮಡಿಚಿ ಪಿನ್ ಹಾಕಿ. ದಪ್ಪ ಮಕ್ಕಳಿಗೆ ಮಾತ್ರ ಕೊಟ್ಟರೆ ಚೀಟಿಯೇ ಹಣೆಪಟ್ಟಿ. ಒಳಗೆ ಎರಡು ಅಳತೆ, ಎರಡು ತಾರೀಖು, ಈ ವಯಸ್ಸಿಗೆ ಇಷ್ಟು ದಿನದಲ್ಲಿ ಎಷ್ಟು ಏರುವುದು ಸಹಜ ಅನ್ನುವ ಒಂದು ಸಾಲು. 'ಬೊಜ್ಜು' ಪದ ಬೇಡ. 'ಎತ್ತರಕ್ಕೆ ಹೋಲಿಸಿದರೆ ತೂಕ ಬೇಗ ಏರುತ್ತಿದೆ, ಒಮ್ಮೆ ಬಂದು ಮಾತಾಡಿ' ಅಂದರೆ ಸಾಕು. ತೂಕ ಇಳಿದವರ ಚೀಟಿಯಲ್ಲೂ ಕೊನೆಯ ಮಾತು ಅದೇ ಇರಲಿ.

ಕಳಿಸಲೇಬೇಕಾದವರು: ಬೊಜ್ಜಿನ ಗೆರೆ ದಾಟಿದ್ದು ಮರು ಅಳತೆಯಲ್ಲೂ ಖಚಿತವಾದವರು. ದಪ್ಪ ಇದ್ದೂ ತರಗತಿಯಲ್ಲಿ ಕುಳ್ಳಗಿರುವವರು, ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದವರು. ಇದು ಮುಖ್ಯ. ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೇ ಇರುತ್ತದೆ, ಕುಳ್ಳಗಿದ್ದರೆ ಥೈರಾಯ್ಡ್‌ನಂಥ ಗ್ರಂಥಿಯ ತೊಂದರೆ ಹುಡುಕಬೇಕು. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ಕಪ್ಪು ದಪ್ಪ ಚರ್ಮ ಇರುವವರು. ಅಮ್ಮಂದಿರು ಅದನ್ನು ಕೊಳೆ ಅಂತ ತಿಕ್ಕಿ ತಿಕ್ಕಿ ಮಗುವನ್ನು ಅಳಿಸುತ್ತಾರೆ. ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು. ರಾತ್ರಿ ಜೋರಾಗಿ ಗೊರಕೆ ಹೊಡೆದು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವರು. ಸೊಂಟವೋ ಮಂಡಿಯೋ ನೋವು ಅಂತ ಕುಂಟುವ ದಪ್ಪ ಹುಡುಗನನ್ನು ಅದೇ ವಾರ ಕಳಿಸಿ, ತೊಡೆಮೂಳೆಯ ತಲೆ ಜಾರಿರುವ ಸಾಧ್ಯತೆ ಇರುತ್ತದೆ. ಅಲ್ಲಿಯವರೆಗೆ ಓಡಿಸಬೇಡಿ. ಹತ್ತು ದಾಟಿದ, ಬೊಜ್ಜಿನ ಗೆರೆ ಮೀರಿದ ಮಕ್ಕಳಿಗೆ ರಕ್ತದ ಸಕ್ಕರೆ, ಕೊಬ್ಬು, ಲಿವರ್ ಪರೀಕ್ಷೆ ಮಾಡಿಸುತ್ತೇವೆ, ಬಿ.ಪಿ. ಎಲ್ಲರಿಗೂ ನೋಡುತ್ತೇವೆ.

ಒಂದು ಸುಲಭದ ಪರೀಕ್ಷೆ ನಿಮ್ಮಲ್ಲೇ ಮಾಡಬಹುದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ಮಧ್ಯೆ, ಉಸಿರು ಬಿಟ್ಟಾಗ ಟೇಪ್ ಸುತ್ತಿ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 132 ಸೆಂ.ಮೀ. ಹುಡುಗನಿಗೆ 66ರೊಳಗೆ. ಹೆಣ್ಣುಮಕ್ಕಳಿಗೆ ಮೇಡಂ ಒಬ್ಬರು ಅಳೆಯಲಿ.

ಸರ್ಕಾರಿ, ಅನುದಾನಿತ ಶಾಲೆಗೆ ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಅವರಿಗೆ ನಿಮ್ಮ ಎರಡೂ ಅಳತೆಯ ಪಟ್ಟಿ ಕೊಡಿ, ಒಂದೇ ದಿನದ ಅಳತೆಯಲ್ಲಿ ಅವರಿಗೆ ಏರಿಕೆ ಕಾಣುವುದಿಲ್ಲ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳಿಸಬಹುದು.

ನಿದ್ದೆ ಮರೆತಿದ್ದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು. ರಜೆಯಲ್ಲಿ ಮಲಗುವ ಹೊತ್ತು ಶಾಲೆಯ ದಿನಕ್ಕಿಂತ ಒಂದು ಗಂಟೆಗಿಂತ ಹೆಚ್ಚು ಜರುಗದಿರಲಿ, ಮೊಬೈಲು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ.

ಸೀಟಿ ಮೇಷ್ಟ್ರು (ಮಂಡ್ಯ)

ಎಲ್ಲರಿಗೂ ಧನ್ಯವಾದ. ಈ ಶುಕ್ರವಾರ ಪ್ರಾರ್ಥನೆ ಮುಗಿದ ಕೂಡಲೇ ಮರು ಅಳತೆ, ದಸರಾ ರಜೆಗೆ ಮೊದಲಿನ ದಿನ ಒಂದು, ರಜೆ ಮುಗಿದ ಎರಡನೇ ದಿನ ಇನ್ನೊಂದು, ಎಲ್ಲವೂ ಬೆಳಿಗ್ಗೆಯೇ. ಪಕ್ಕದ ದಿನಸಿ ಅಂಗಡಿಯವರು 20 ಕೆ.ಜಿ. ಕಲ್ಲು ಕೊಡಲು ಒಪ್ಪಿದ್ದಾರೆ. 'ಮಕ್ಕಳನ್ನ ತೂಗೋಕೆ ಯಾಕೆ ಸಾರ್ ಇಷ್ಟು ದೊಡ್ಡ ಕಲ್ಲು' ಅಂತ ಕೇಳಿ ನಕ್ಕರು. ಬಿಸಿಯೂಟ ಸಾರ್ ಹೇಳಿದ ಹಾಗೆ ಪಟ್ಟಿ ತಿರುಗಿ ನೋಡಿದೆ, ತೂಕ ಇಳಿದ ಮಕ್ಕಳು ಏಳು ಜನ ಇದ್ದಾರೆ. ಅವರ ಮನೆಯವರನ್ನು ಸೋಮವಾರ ಕರೆದಿದ್ದೇನೆ.